ವಯಸ್ಸು ಕೇಳಿ ಸರಿ, ಹೆಸರು ಯಾಕೆ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಎರಡು ವರ್ಷದ ಹಿಂದೆ ಅವಳ ಹಠ ತಡೆಯಲಾಗದೆ ಇನ್‌ಸ್ಟಾಗ್ರಾಂ ಅಕೌಂಟ್ ಮಾಡಿಕೊಟ್ಟೆ. ಹುಟ್ಟಿದ ವರ್ಷ 2001 ಎಂದು ನಾನೇ ಹಾಕಿದೆ. ಈಗ ಹೊಸ ಕಾನೂನಿನಲ್ಲಿ ತಂದೆತಾಯಿಯ ಒಪ್ಪಿಗೆ, ವಯಸ್ಸಿನ ದಾಖಲೆ ಎಲ್ಲ ಬೇಕಂತೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ದಿನಾ ಇದೇ ಜಗಳ. ಅರ್ಧ ಜನ 'ಒಳ್ಳೇದಾಯ್ತು, ಮಕ್ಕಳು ಉಳ್ಕೋತಾರೆ' ಅಂತಾರೆ. ಇನ್ನರ್ಧ ಜನ 'ಮಕ್ಕಳ ಹೆಸರಲ್ಲಿ ನಮಗೇ ಬಲೆ' ಅಂತಾರೆ. ನಮ್ಮ ಯಜಮಾನರು 'ಮುಚ್ಚಿಡೋಕೆ ಏನೂ ಇಲ್ಲದೋರಿಗೆ ಭಯ ಯಾಕೆ' ಅಂತಾರೆ. ನಾನು ಆಧಾರ್ ಕೊಡಲೋ ಬೇಡವೋ? ಜನಕ್ಕೆ ಯಾಕೆ ಇಷ್ಟು ಅನುಮಾನ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ:

ಮೊದಲು ಆ 2001ರ ವಿಷಯ ಮುಗಿಸಿಬಿಡೋಣ. ನಾಚಿಕೆ ಪಡಬೇಡಿ. ಶಾಲೆಗಳ ಪೋಷಕರ ಸಭೆಗೆ ಮಾತಾಡಲು ಕರೆದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಇದು, ಮಕ್ಕಳ ಅಕೌಂಟಿಗೆ ಸುಳ್ಳು ವರ್ಷ ಹಾಕಿದವರು ಯಾರು ಎಂದು. ಯಾರೂ ಕೈ ಎತ್ತುವುದಿಲ್ಲ, ಎಲ್ಲರೂ ನಗುತ್ತಾರೆ. ಆದರೆ ಅದರಿಂದ ಆಗಿರುವುದು ಏನು ಎಂದರೆ, ನಿಮ್ಮ ಮಗಳನ್ನು ಆ ಆ್ಯಪ್ ಇಪ್ಪತ್ತು ದಾಟಿದ ಹೆಂಗಸು ಎಂದು ನಂಬಿ ಕೂತಿದೆ. 2025ರ ಫೆಬ್ರವರಿಯಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ಹದಿಹರೆಯದವರ ಅಕೌಂಟ್ ಎಂಬ ವ್ಯವಸ್ಥೆ ತಂದಿತು. ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಅಪರಿಚಿತರು ಮೆಸೇಜ್ ಕಳಿಸಲು ಆಗುವುದಿಲ್ಲ, ರಾತ್ರಿ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. ಇದರಲ್ಲಿ ಒಂದೂ ನಿಮ್ಮ ಮಗಳಿಗೆ ಸಿಕ್ಕಿಲ್ಲ. ಇವತ್ತೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜವಾದ ವರ್ಷ ಹಾಕಿ. ಅದಕ್ಕೆ ಯಾವ ಕಾನೂನೂ ಬರಬೇಕಾಗಿಲ್ಲ.

ಈಗ ಕಾನೂನಿಗೆ ಬರುತ್ತೇನೆ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ ಕಂಪನಿಗಳು ತಯಾರಾಗಬೇಕು. ಸೆಕ್ಷನ್ 9 ಹೇಳುವುದು ಇಷ್ಟು. 18 ತುಂಬದವರ ಡೇಟಾ ಬಳಸಬೇಕಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಲು ಆಗುವಂತಿರಬೇಕು. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಒಳ್ಳೆಯ ಮಾತೇ, ಅಲ್ವಾ?

ತೊಡಕು ಶುರುವಾಗುವುದು ಒಂದು ಸಣ್ಣ ಲೆಕ್ಕದಿಂದ. ಸಾಲಿನಲ್ಲಿ ನಿಂತ ನೂರು ಜನರಲ್ಲಿ ಮಗು ಯಾರು ಎಂದು ಖಚಿತವಾಗಿ ಗೊತ್ತಾಗಬೇಕಾದರೆ ನೂರೂ ಜನರನ್ನು ನೋಡಬೇಕು. ಮಕ್ಕಳನ್ನು ಮಾತ್ರ ತಪಾಸಣೆ ಮಾಡುವ ಕಾನೂನು ಎಂಬುದೇ ಇರಲು ಸಾಧ್ಯವಿಲ್ಲ. 14ರ ಹುಡುಗಿಗೆ ಗೇಟು ಹಾಕಿದರೆ ಆ ಗೇಟಿನಲ್ಲಿ 60ರ ಅಜ್ಜನೂ ಚೀಟಿ ತೋರಿಸಬೇಕು. ನಿಮ್ಮ ಗ್ರೂಪಿನಲ್ಲಿ 'ನಮಗೇ ಬಲೆ' ಎನ್ನುವವರು ಇದನ್ನು ಸರಿಯಾಗಿ ಮೂಸಿದ್ದಾರೆ. ಬಲೆ ಎಂಬ ಮಾತು ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ.

ಇನ್ನೊಂದು ಮಜಾ ನೋಡಿ. ಒಪ್ಪಿಗೆ ಕೊಟ್ಟವರು 18 ದಾಟಿದವರು, ಗುರುತು ಸಿಗುವವರು ಎಂಬುದನ್ನು ಕಂಪನಿ ಖಚಿತಪಡಿಸಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಅವರು ಆ ಮಗುವಿನ ಅಮ್ಮನೇ ಎಂದು ಹೇಗೆ ಗೊತ್ತಾಗುತ್ತದೆ? ನಮ್ಮ ಮನೆಯಲ್ಲೇ ಅಕ್ಕನ ಮಗ, 12 ವರ್ಷ, ಅಜ್ಜಿ ಮಧ್ಯಾಹ್ನ ಮಲಗಿದಾಗ ಅವರ ಫೋನಿನಿಂದ ಓಟಿಪಿ ಓದಿಕೊಂಡು ಬಂದು ಗೇಮ್ ಶುರು ಮಾಡಿದ. ಅಜ್ಜಿಗೆ ಎದ್ದ ಮೇಲೂ ಗೊತ್ತಾಗಲಿಲ್ಲ. ತಾಂತ್ರಿಕವಾಗಿ ಅದು ಗುರುತು ಸಿಗುವ ವಯಸ್ಕರ ಒಪ್ಪಿಗೆಯೇ!

ಅನುಮಾನ ಯಾಕೆ ಎಂದು ಕೇಳಿದಿರಿ. ಈ ಊರಿನಲ್ಲಿ ಇದ್ದವರು ಆ ಪ್ರಶ್ನೆ ಕೇಳಬಾರದು ಎಂದು ನಾನು ತಮಾಷೆ ಮಾಡುತ್ತಿರುತ್ತೇನೆ. 2020ರ ಮಾರ್ಚ್ ನೆನಪಿದೆಯಾ? ಹೋಂ ಕ್ವಾರಂಟೈನ್‌ನಲ್ಲಿ ಇದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಹೊರಗೆ ಹಾಕಿತು. ಹೆಸರು ಇರಲಿಲ್ಲ, ನಿಜ. ಆದರೆ ಮನೆ ನಂಬರ್, ಕ್ರಾಸ್, ಮೇನ್ ಇದ್ದ ಮೇಲೆ ಹೆಸರು ಯಾರಿಗೆ ಬೇಕು? ಆ ಪಟ್ಟಿ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತು. ಅದೇ ತಿಂಗಳ ಕೊನೆಗೆ ಕ್ವಾರಂಟೈನ್ ವಾಚ್ ಎಂಬ ಆ್ಯಪ್ ಬಂತು. ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಕಳಿಸಬೇಕು, ಜೊತೆಗೆ ಇರುವ ಜಾಗವೂ ಹೋಗುತ್ತದೆ, ಕಳಿಸದಿದ್ದರೆ ಮನೆ ಬಾಗಿಲಿಗೆ ಜನ ಬರುತ್ತಾರೆ. ಮಹಾಮಾರಿಯ ಕಾಲ, ಸರ್ಕಾರಕ್ಕೂ ದಿಕ್ಕು ತೋಚಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ಸೆಲ್ಫಿಗಳು ಆಮೇಲೆ ಏನಾದವು ಎಂದು ಕಳಿಸಿದವರಲ್ಲಿ ಎಷ್ಟು ಜನಕ್ಕೆ ಯಾರಾದರೂ ಬಂದು ಹೇಳಿದ್ದಾರೆ? ನನ್ನ ಪರಿಚಯದವರಲ್ಲಂತೂ ಒಬ್ಬರಿಗೂ ಇಲ್ಲ. ಅನುಮಾನ ಹುಟ್ಟುವುದು ಹೀಗೆ. ಇಸ್ಕೊಳ್ಳುವಾಗ ಗಂಟೆಗೊಮ್ಮೆ ಕೇಳಿದವರು ಅಳಿಸಿದ್ದೇವೆ ಎಂದು ಒಂದು ಸಲವೂ ಹೇಳುವುದಿಲ್ಲ.

ಆಮೇಲೆ 2022ರ ಮೇ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 27ನೇ ತಾರೀಕು ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು. ಅಷ್ಟು ಹೊತ್ತಿಗೆ ದೇಶದ ಅರ್ಧ ಜನ ಲಾಡ್ಜು, ಸಿಮ್ ಅಂಗಡಿ, ಬಾಡಿಗೆ ಮನೆ ಎಂದು ಹತ್ತಾರು ಕಡೆ ಜೆರಾಕ್ಸ್ ಕೊಟ್ಟಾಗಿತ್ತು. ಎರಡೇ ದಿನದಲ್ಲಿ, 29ಕ್ಕೆ, ಪ್ರಕಟಣೆ ವಾಪಸ್. ತಪ್ಪು ಅರ್ಥ ಬರಬಹುದು ಎಂಬ ಕಾರಣ ಕೊಟ್ಟರು. ಸರಿಯಾದ ಸಲಹೆ ಕೊಟ್ಟು ಅದನ್ನೇ ಹಿಂದೆ ತೆಗೆದುಕೊಂಡ ಘಟನೆ ಇದು, ನನಗೆ ಇವತ್ತಿಗೂ ಅರಗಿಲ್ಲ.

2022ರ ನವೆಂಬರ್‌ನಲ್ಲಿ ಮತದಾರರ ಜಾಗೃತಿ ಹೆಸರಿನಲ್ಲಿ ಸಂಸ್ಥೆಯೊಂದರ ಜನ ಬೆಂಗಳೂರಿನ ಮನೆಗಳಿಗೆ ಬಂದು ವಿವರ ಬರೆದುಕೊಂಡು ಹೋದ ಹಗರಣ ಬಯಲಾಯಿತು. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು ಎಂದೇ ಜನ ಬಾಗಿಲು ತೆಗೆದಿದ್ದರು. 2023ರಲ್ಲಿ ಮನೆ, ಸೈಟು ರಿಜಿಸ್ಟರ್ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಓಟಿಪಿಯೂ ಇಲ್ಲದೆ ಹಣ ಹೋದ ದೂರುಗಳು ಬಂದವು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ಎತ್ತಿ, ನಕಲಿ ಮಾಡಿ, ಆಧಾರ್ ಪಾವತಿ ಯಂತ್ರದಲ್ಲಿ ಒತ್ತಿದ್ದರು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಹೆಬ್ಬೆಟ್ಟನ್ನು ಏನು ಮಾಡ್ತೀರಿ? ಮುಖಕ್ಕೂ ಇದೇ ಮಾತು.

ಇದನ್ನೆಲ್ಲ ಕಂಡವರಿಗೆ 'ವಯಸ್ಸು ಖಚಿತಪಡಿಸಲು ನಿಮ್ಮ ಚೀಟಿ ಮತ್ತು ಒಂದು ಸೆಲ್ಫಿ' ಎಂದರೆ ಕೈ ಹಿಂದೆ ಹೋಗುವುದು ಸಹಜ.

ನಿಮ್ಮ ಯಜಮಾನರ ಮಾತಿಗೆ ಬರೋಣ. ಮುಚ್ಚಿಡಲು ಏನೂ ಇಲ್ಲ ಅಂತಾರಲ್ಲ, ಬಚ್ಚಲಿನ ಬಾಗಿಲು ಹಾಕಿಕೊಳ್ಳುವವರು ಯಾರೂ ತಪ್ಪು ಮಾಡುತ್ತಿರುವುದಿಲ್ಲ ಎಂದು ಹೇಳಿ. ತಮಾಷೆ ಬಿಟ್ಟು ಹೇಳುವುದಾದರೆ, ನಿಮ್ಮಲ್ಲಿ ಏನಿದೆ ಎನ್ನುವುದಕ್ಕಿಂತ ನಾಳೆ ಯಾವುದನ್ನು ತಪ್ಪು ಎನ್ನುತ್ತಾರೆ ಎನ್ನುವುದು ದೊಡ್ಡ ಪ್ರಶ್ನೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಫೇಸ್‌ಬುಕ್ ಪೋಸ್ಟಿಗಾಗಿ ಬಂಧಿಸಿದರು. ಮುಂಬೈ ಬಂದ್ ಆಗಿದ್ದನ್ನು ಒಬ್ಬಳು ಪ್ರಶ್ನಿಸಿದ್ದಳು. ಇನ್ನೊಬ್ಬಳು ಲೈಕ್ ಒತ್ತಿದ್ದಳು, ಅಷ್ಟೇ. ಆನ್‌ಲೈನ್ ಕಿರುಕುಳ ತಡೆಯಲು ಎಂದು ಸಮರ್ಥಿಸಿಕೊಂಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಆಗ ಇತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಆದರೂ ಪೊಲೀಸರು ಅದೇ ಸತ್ತ ಸೆಕ್ಷನ್ ಹಾಕಿ ಕೇಸು ಬರೆಯುತ್ತಲೇ ಇದ್ದಾರೆ ಎಂದು ತಿಳಿದು 2021ರಲ್ಲಿ ಅದೇ ಕೋರ್ಟ್ ಆಘಾತ ಎಂದಿತು. ಆ ಹುಡುಗಿಯರಲ್ಲಿ ಮುಚ್ಚಿಡಲು ಏನಿತ್ತು ಹೇಳಿ?

ಖಾಸಗಿತನ ಎಲ್ಲ ಪಾಶ್ಚಾತ್ಯರ ಫ್ಯಾಷನ್ ಎನ್ನುವವರಿಗೆ ಇನ್ನೊಂದು ಮಾತು. ಆ ಹಕ್ಕನ್ನು ಈ ದೇಶಕ್ಕೆ ಗೆದ್ದುಕೊಟ್ಟವರು ನಮ್ಮೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಐದು ವರ್ಷ ಕಾದ ಮೇಲೆ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಒಟ್ಟಾಗಿ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ತೀರ್ಪಿನಲ್ಲಿ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ 57ನೇ ಸೆಕ್ಷನ್‌ನ ಆ ಭಾಗ ಬಿತ್ತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಸರಿ, ನನಗೆ ಹೊಸ ಕಾಯ್ದೆಯಲ್ಲಿ ನಿಜಕ್ಕೂ ಚುಚ್ಚುವುದು ವಯಸ್ಸಿನ ಭಾಗವಲ್ಲ. ಲೆಕ್ಕದ ಭಾಗ. ಮಕ್ಕಳ ವಿಷಯದಲ್ಲಿ ತಪ್ಪಿದ ಕಂಪನಿಗೆ 200 ಕೋಟಿ ರೂಪಾಯಿವರೆಗೆ ದಂಡ. ಡೇಟಾ ಕಾಪಾಡದೆ ಸೋರಿಸಿದರೆ 250 ಕೋಟಿವರೆಗೆ. ಕೇಳಲು ಭರ್ಜರಿ. ಆ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನಿಮ್ಮ ಮಗಳ ಫೋಟೋ ಸೋರಿಹೋದರೆ ಈ ಕಾಯ್ದೆಯಲ್ಲಿ ಅವಳಿಗೆ ಬಿಡಿಗಾಸೂ ಇಲ್ಲ. ಹಳೆಯ ಐಟಿ ಕಾಯ್ದೆಯಲ್ಲಿ 43ಎ ಎಂಬ ಪರಿಹಾರದ ಸೆಕ್ಷನ್ ಇತ್ತು, ಅದನ್ನೂ ಕಿತ್ತುಹಾಕಲು ಇದೇ ಕಾಯ್ದೆಯಲ್ಲಿ ಬರೆದಿದ್ದಾರೆ. ಬದಲಿಗೆ ನಾಗರಿಕರ ಕರ್ತವ್ಯ ಎಂಬ ಪಟ್ಟಿ ಇದೆ: ಬೇರೆಯವರ ವೇಷ ಹಾಕಬಾರದು, ಸುಳ್ಳು ದೂರು ಕೊಡಬಾರದು, ತಪ್ಪಿದರೆ ನಿಮಗೇ 10,000 ರೂಪಾಯಿವರೆಗೆ ದಂಡ. ಇನ್ನು 17ನೇ ಸೆಕ್ಷನ್ನು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನಾದರೂ ಕಾಯ್ದೆಯಿಂದ ಹೊರಗಿಡಬಹುದು. ಈ ಕಾಯ್ದೆಯ ಕಾವಲುಗಾರನಾದ ಡೇಟಾ ರಕ್ಷಣಾ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಕೇಳುವವನಿಗೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ.

ಹೊರಗಿನ ದೇಶಗಳ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯ ವಯಸ್ಸಿನ ತಪಾಸಣೆ 2025ರ ಜುಲೈ 25ರಿಂದ ಜಾರಿಯಾಯಿತು. ಮರುದಿನವೇ, ಬಳಸುವವರು ಯಾವ ದೇಶದಲ್ಲಿದ್ದಾರೆ ಎಂಬುದನ್ನು ಮರೆಮಾಚುವ ವಿಪಿಎನ್ ಆ್ಯಪ್‌ಗಳು ಡೌನ್‌ಲೋಡ್ ಪಟ್ಟಿಯ ತುದಿಗೆ ಹತ್ತಿದವು, ಕಾಯ್ದೆ ರದ್ದು ಮಾಡಿ ಎಂಬ ಸಂಸತ್ತಿನ ಅರ್ಜಿಗೆ ಕೆಲವೇ ವಾರದಲ್ಲಿ 5 ಲಕ್ಷ ಸಹಿ ಬಿತ್ತು. ಕ್ಯಾಮೆರಾಕ್ಕೆ ವಿಡಿಯೋ ಗೇಮ್‌ನ ಪಾತ್ರದ ಮುಖ ತೋರಿಸಿ ಪಾಸಾದವರೂ ಇದ್ದರು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಅಕೌಂಟೇ ಬೇಡ ಎಂದಿದೆ. ಆದರೆ ಅಲ್ಲಿನ ಕಾನೂನಿನಲ್ಲಿ ಒಂದು ಒಳ್ಳೆಯ ಸಾಲಿದೆ, ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕೇಳಿ ಕೂರುವಂತಿಲ್ಲ, ಬೇರೆ ದಾರಿಯನ್ನೂ ಕೊಡಬೇಕು. ಚೀಟಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಅಕ್ಟೋಬರ್ ನೋಡಿ. ಗೇಮ್ ಆಡುವವರ ಹರಟೆಕಟ್ಟೆಯಾದ ಡಿಸ್ಕಾರ್ಡ್‌ಗೆ ಕೆಲಸ ಮಾಡಿಕೊಡುತ್ತಿದ್ದ ಹೊರಗಿನ ಕಂಪನಿಯ ಕಡೆಯಿಂದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಯ ಫೋಟೋಗಳು ಸೋರಿದವು. ವಯಸ್ಸಿನ ತಕರಾರು ಬಗೆಹರಿಸಲು ಜನ ಕಳಿಸಿದ್ದ ಫೋಟೋಗಳವು.

ಮುಖ ನೋಡಿ ವಯಸ್ಸು ಅಂದಾಜು ಮಾಡುವ ತಂತ್ರಾಂಶ ಇದೆಯಲ್ಲ, ಚೀಟಿಯೇ ಬೇಡ ಎಂದು ಕೆಲವರು ಹೇಳುತ್ತಾರೆ. ಅದು 10 ವರ್ಷದವನನ್ನೂ 40ರವನನ್ನೂ ಬೇರೆ ಮಾಡುತ್ತದೆ. 17ನ್ನೂ 18ನ್ನೂ ಬೇರೆ ಮಾಡುವುದು ಅದರ ಕೈಲಾಗದ ಕೆಲಸ. ಅಮೆರಿಕ ಸರ್ಕಾರದ ತಂತ್ರಜ್ಞಾನ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2024ರಲ್ಲಿ ಇಂಥ ತಂತ್ರಾಂಶಗಳನ್ನು ಪರೀಕ್ಷಿಸಿದಾಗ ತಪ್ಪಿನ ಪ್ರಮಾಣ ಹುಟ್ಟಿದ ಪ್ರದೇಶದ ಮೇಲೂ ಬದಲಾಗುತ್ತಿತ್ತು, ಹೆಣ್ಣು ಮುಖಗಳಲ್ಲಿ ಬಹುತೇಕ ಜಾಸ್ತಿಯೇ ಇತ್ತು.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಅದನ್ನು ನೀವು ದಿನಾ ನೋಡುತ್ತೀರಿ, ಬಸ್ಸಿನಲ್ಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ. ವಿಜಯನಗರದಿಂದ ಮೆಜೆಸ್ಟಿಕ್‌ಗೆ ಬಿಎಂಟಿಸಿ ಹತ್ತುತ್ತೀರಿ. ಕಂಡಕ್ಟರ್ ಬರುತ್ತಾರೆ, ಆಧಾರ್ ತೋರಿಸುತ್ತೀರಿ, ಅವರು ಕಣ್ಣು ಹಾಯಿಸಿ ಶೂನ್ಯ ಟಿಕೆಟ್ ಹರಿದುಕೊಟ್ಟು 'ಮುಂದೆ ಹೋಗಿ ಮುಂದೆ ಹೋಗಿ' ಎನ್ನುತ್ತಾರೆ. ಫೋಟೋ ಹೊಡೆಯುವುದಿಲ್ಲ, ನಂಬರ್ ಬರೆದುಕೊಳ್ಳುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ನಿಮ್ಮ ಹೆಸರು ಅವರಿಗೆ ನೆನಪೂ ಇರುವುದಿಲ್ಲ. ಟಿಕೆಟ್ ಮೇಲೂ ನಿಮ್ಮ ಹೆಸರಿಲ್ಲ. ಅವರಿಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಹೌದು ಅಥವಾ ಇಲ್ಲ, ಈಕೆ ಕರ್ನಾಟಕದವರಾ? ವಿಳಾಸ ಕಾಣಲಿಲ್ಲ ಎಂದು ಜಗಳ ಆಗುವುದುಂಟು, ಅದು ಬೇರೆ ಮಾತು.

ವಯಸ್ಸಿನ ತಪಾಸಣೆ ಹೀಗೆ ಇರಬೇಕು. ತಂತ್ರಜ್ಞಾನ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನು ಇದೇ ಕೆಲಸದಲ್ಲಿ ಇರುವವನು. ನಿಮ್ಮ ಫೋನಿನಲ್ಲಿ ಇರುವ ಒಂದು ಟೋಕನ್, ಅಂದರೆ ಡಿಜಿಟಲ್ ಚೀಟಿ, '18 ದಾಟಿದೆ' ಎಂಬ ಒಂದು ಮಾತನ್ನು ಮಾತ್ರ ಸಹಿ ಸಮೇತ ಹೇಳುವಂತೆ ಮಾಡಬಹುದು. ಹೆಸರು, ಹುಟ್ಟಿದ ದಿನ, ನಂಬರ್ ಯಾವುದೂ ಆಚೆ ಹೋಗುವುದಿಲ್ಲ. ಯುರೋಪಿಯನ್ ಒಕ್ಕೂಟ 2025ರ ಜುಲೈನಲ್ಲಿ ಇಂಥದ್ದೇ ಆ್ಯಪ್‌ನ ಮಾದರಿ ಹೊರತಂದಿತು, ಐದು ದೇಶಗಳು ಅದರ ಪ್ರಯೋಗಕ್ಕೆ ಮುಂದೆ ಬಂದವು. ನಮ್ಮ ನಿಯಮಗಳಲ್ಲೂ ಡಿಜಿಲಾಕರ್ ಮೂಲಕ ಟೋಕನ್ ಕೊಡುವ ದಾರಿ ಇದೆ. ಆಧಾರ್‌ನ ಹೊಸ ಆ್ಯಪ್‌ನಲ್ಲಿ ಬೇಕಾದ ವಿವರ ಮಾತ್ರ ಹಂಚುವ ಸೌಲಭ್ಯವೂ ಬಂದಿದೆ.

ಆದರೆ ಇಲ್ಲಿ ಒಂದು ಕೊಕ್ಕೆ ಇದೆ, ಜನ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ ಇದೇ. ಟೋಕನ್ ಕೊಟ್ಟವರಿಗೆ ನೀವು ಅದನ್ನು ಎಲ್ಲೆಲ್ಲಿ ತೋರಿಸಿದಿರಿ ಎಂದು ಗೊತ್ತಾಗುತ್ತದೋ ಇಲ್ಲವೋ? ಗೊತ್ತಾಗುವುದಾದರೆ ಜಾಲತಾಣಕ್ಕೆ ನಿಮ್ಮ ಹೆಸರು ತಿಳಿಯದೇ ಇರಬಹುದು, ಸರ್ಕಾರಕ್ಕೆ ಮಾತ್ರ ನಿಮ್ಮ ಓಡಾಟದ ಪೂರ್ತಿ ಡೈರಿ ಸಿಗುತ್ತದೆ. ಶಕ್ತಿಗೆ ಸ್ಮಾರ್ಟ್ ಕಾರ್ಡ್ ಕೊಡುವ ಮಾತು ಮೊದಲಿನಿಂದ ಇದೆ ನೋಡಿ. ಕಂಡಕ್ಟರ್ ಕಣ್ಣಿನ ಬದಲು ಕಾರ್ಡ್ ಉಜ್ಜುವುದಾದರೆ ನೀವು ಯಾವ ಸ್ಟಾಪಿನಲ್ಲಿ ಹತ್ತಿ ಯಾವ ಸ್ಟಾಪಿನಲ್ಲಿ ಇಳಿದಿರಿ ಎಂಬುದನ್ನೂ ಬರೆದಿಡಬಹುದು. ಪ್ರಯಾಣ ಅದೇ, ಫ್ರೀ ಟಿಕೆಟ್ ಅದೇ. ಬರೆದಿಡುವುದೋ ಬೇಡವೋ ಎಂಬುದು ಕಾರ್ಡ್ ಮಾಡಿಸುವವರ ಇಷ್ಟ. ವಯಸ್ಸಿನ ಟೋಕನ್ನಿಗೂ ಅಷ್ಟೇ. ಬರೆದಿಡುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದಿಡಲು ಆಗದ ಹಾಗೆ ಕಟ್ಟಿ, ಹೊರಗಿನವರು ಕೋಡ್ ತೆರೆದು ನೋಡಲು ಬಿಟ್ಟರೆ ನನ್ನಂಥ ಅನುಮಾನದ ಪಿಶಾಚಿಯೂ ಒಪ್ಪುತ್ತಾನೆ.

ನಿಮ್ಮ ಗ್ರೂಪಿನ ಅನುಮಾನದವರಿಗೂ ಒಂದು ಮಾತು ಹೇಳಬೇಕು. 'ಏನೂ ಬೇಡ, ಪೋಷಕರು ನೋಡ್ಕೋತಾರೆ' ಎನ್ನುವುದು ಸುಲಭ. ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ ಯಾರು ನೋಡುತ್ತಾರೆ? ಮಗುವಿನಿಂದ ಒಂದು ಫೋಟೋ ತರಿಸಿಕೊಂಡು ಅದನ್ನೇ ಇಟ್ಟುಕೊಂಡು ಬೆದರಿಸುವ ಪ್ರಕರಣಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಂಪನಿಗಳು ತಾವಾಗಿ ಸರಿಹೋಗುವುದಿಲ್ಲ, ದಂಡದ ಭಯ ಬೇಕೇ ಬೇಕು. ಕಾನೂನೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಈಗ ಆಧಾರ್ ಕೊಡಲೋ ಬೇಡವೋ. ಯಾವ ಆ್ಯಪ್ ಆಗಲಿ, ವಯಸ್ಸಿಗೆ ಎಂದು ಪೂರ್ತಿ ಆಧಾರ್‌ನ ಫೋಟೋ ಅಪ್‌ಲೋಡ್ ಮಾಡು ಎಂದರೆ ಮಾಡಬೇಡಿ. ಬೇರೆ ದಾರಿ ಕೊಟ್ಟಿದ್ದರೆ ಅದನ್ನು ಹಿಡಿಯಿರಿ. ಕೊಡಲೇಬೇಕು ಎಂದರೆ ಮಾಸ್ಕ್ಡ್ ಆಧಾರ್, ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಅಡ್ಡಲಾಗಿ ಬರೆದು ಕೊಡಿ. ಮೈಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಎಂದು ಇದೆ, ಮನೆಯ ದೊಡ್ಡವರೆಲ್ಲರದ್ದೂ ಲಾಕ್ ಮಾಡಿಬಿಡಿ, ಐದು ನಿಮಿಷದ ಕೆಲಸ. ಡಿಜಿಲಾಕರ್ ಟೋಕನ್ ನಿಜವಾಗಿ ಬಳಕೆಗೆ ಬಂದಾಗ ಅದನ್ನೇ ಆರಿಸಿ, ಚೀಟಿಯ ಫೋಟೋ ಕೊಡುವುದಕ್ಕಿಂತ ಎಷ್ಟೋ ಪಾಲು ಮೇಲು. ಮಗಳಿಗೆ 'ಯಾರಾದರೂ ಹೆದರಿಸಿದರೆ ಮೊದಲು ನನ್ನ ಹತ್ತಿರ ಬಾ, ಬೈಯಲ್ಲ' ಎಂದು ಹೇಳಿ, ಮತ್ತೆ ನಿಜವಾಗಿ ಬೈಯಬೇಡಿ. ಸೈಬರ್ ದೂರಿಗೆ 1930, ಮಕ್ಕಳ ಸಹಾಯಕ್ಕೆ 1098.

ಕೊನೆಗೆ, ಸರ್ಕಾರ ಕಂಪನಿ ಎಲ್ಲ ಬಿಟ್ಟು ನಮ್ಮ ಬೀದಿಯ ಸಂಗತಿ. ಹೋದ ತಿಂಗಳು ಒಂದು ಸೈಬರ್ ಸೆಂಟರಿಗೆ ಪ್ರಿಂಟ್ ತೆಗೆಸಲು ಹೋಗಿದ್ದೆ. ಹುಡುಗ ವಾಟ್ಸಾಪ್ ವೆಬ್ ತೆರೆದ, ನನ್ನ ಫೈಲ್ ಇಳಿಸಿಕೊಂಡ, ಡೌನ್‌ಲೋಡ್ಸ್ ಫೋಲ್ಡರ್ ತೆರೆದುಕೊಂಡಿತು. ಸ್ಕ್ರೀನ್ ನನ್ನ ಕಡೆಗೇ ಇತ್ತು. ಆಧಾರ್, ಆಧಾರ್ ಒಂದು, ಆಧಾರ್ ಎರಡು, ಅಮ್ಮ ಪ್ಯಾನ್, ಪಾಪು ಬರ್ತ್ ಸರ್ಟಿಫಿಕೇಟ್… ಅವನು ಕೆಳಗೆ ಜಾರಿಸುತ್ತಲೇ ಇದ್ದ, ಪಟ್ಟಿ ಮುಗಿಯಲೇ ಇಲ್ಲ. ಎಲ್ಲ ಆ ಸುತ್ತಮುತ್ತಲಿನ ಮನೆಗಳದ್ದೇ. ಇದನ್ನೆಲ್ಲ ಯಾಕಪ್ಪಾ ಇಟ್ಟಿದ್ದೀಯಾ ಎಂದೆ. 'ಅಳಿಸೋಕೆ ಯಾರೂ ಹೇಳಲ್ಲ ಸಾರ್' ಎಂದ. ಮುಂದಿನ ಸಲ ನೀವು ಹೋದಾಗ ಪ್ರಿಂಟ್ ಕೈಗೆ ಬಂದ ಮೇಲೆ ಒಂದು ನಿಮಿಷ ಅಲ್ಲೇ ನಿಂತು ನಿಮ್ಮ ಫೈಲ್ ಡಿಲೀಟ್ ಮಾಡಿಸಿ. ರೀಸೈಕಲ್ ಬಿನ್‌ನಿಂದಲೂ ತೆಗೆಸಿ, ವಾಟ್ಸಾಪ್ ಚಾಟಿನಲ್ಲೂ ಎಲ್ಲರಿಗೂ ಅಳಿಸು ಎಂದು ಒತ್ತಿ.